ಸೀರಣಿಗೆ

ಹಲ್ ಬಂದರಿನ ವಿಚಾರಣೆಯ ಕೋಣೆಯಲ್ಲಿ
ವಕೀಲರು ಕಡತದ ಕಟ್ಟು ಮೇಜಿಗೆ ಕುಕ್ಕಿ ಅಂದರು:
“ಸಣ್ಣ ಹಲ್ಲಿನ ಬಾಚಣಿಗೆ ಆಡಿಸಿಬಿಡಿ, ಮಿಸ್ ಥರ್ಸ್‌ಬಿ,
ಒಂದೂ ತಪ್ಪಬಾರದು.”
ಅವರ ನೆತ್ತಿಯೋ, ನುಣ್ಣಗೆ.

ಎನಿಡ್‌ಗೆ ಆ ಮಾತಿನ ಹುಟ್ಟೂರು ಗೊತ್ತು.
ಹೆಸ್ಲ್ ರಸ್ತೆಯ ಹಿಂದಿನ ಓಣಿ, ಶುಕ್ರವಾರ ರಾತ್ರಿ,
ಅಮ್ಮನ ಮೊಣಕಾಲ ಸಂದಿ, ಮಡಿಲಿಗೆ ಹಾಸಿದ ಪೇಪರು,
ಮೂಳೆಯ ಸೀರಣಿಗೆ.
ಕಿವಿಯ ಹಿಂದೆ, ಕತ್ತಿನ ಕುಳಿಯಲ್ಲಿ
ಎಳೆ ಎಳೆ ಬಿಡಿಸಿ ಎಳೆದರೆ
ಉದುರಿದ ಹೇನು
ಮೀನಿನ ಧಾರಣೆಯ ಮೇಲೆ ಓಡುತ್ತಿತ್ತು.
“ಹೇನು ಯಾರಿಗಾದರೂ ಸಿಕ್ಕುತ್ತೆ. ಸೀರು ಸಿಕ್ಕಬೇಕು.
ಒಂದು ಬಿಟ್ಟರೆ ಮುಂದಿನ ಶುಕ್ರವಾರಕ್ಕೆ ಸಂಸಾರ ಹೂಡುತ್ತೆ.”
ಉಗುರಿನ ಮೇಲೆ ಉಗುರು: ಚಿಟ್.

ಹದಿನೆಂಟು ಮಂದಿಯೊಡನೆ ಮುಳುಗಿದ ಮೀನುಹಡಗು
ಈಗ ಬರೀ ಕಾಗದ.
ಕಲ್ಲಿದ್ದಲ ರಸೀದಿ, ಐಸಿನ ಲೆಕ್ಕ, ಹವಾಮಾನದ ತಂತಿ.
ದೊಡ್ಡದೇನೂ ಇಲ್ಲ. ತನಗಿಂತ ಮೊದಲೇ ಯಾರೋ ಬಾಚಿದ್ದಾರೆ,
ಅವಸರದಲ್ಲಿ, ಅಗಲ ಹಲ್ಲಿನದರಲ್ಲಿ.

ಮೂರನೇ ರಾತ್ರಿ, ರಿಪೇರಿ ಪುಸ್ತಕದ ಅಂಚಿನಲ್ಲಿ
ಬುಡಕ್ಕಂಟಿದ ಸೀರಿನಷ್ಟು ಪೆನ್ಸಿಲ್ ಬರಹ:
“ಮೀನುಕೋಣೆ ಮುಚ್ಚಳ, ತಿರುಪು ಸಡಿಲ. ಮುಂದಿನ ಸಲ.”

ಎನಿಡ್ ಕನ್ನಡಕ ತೆಗೆದಳು. ಯಾರನ್ನೂ ಕರೆಯಲಿಲ್ಲ.
ಎಡ ಹೆಬ್ಬೆರಳ ಉಗುರು
ತಾನಾಗಿಯೇ
ಬಲ ಉಗುರನ್ನು ಹುಡುಕಿತು.