ಮನುಷ್ಯರ ಬಣ್ಣ

ಹೊರಪೇಟೆಯ ನಮ್ಮ ಡ್ರಾಮಾ ಸೀನ್ಸ್ ಅಂಗಡಿಗೆ
ಮಧ್ಯಾಹ್ನ ಬಂದ ಹುಡುಗಿ, ಸೊಂಟಕ್ಕೆ ವಾಕಿಟಾಕಿ:
‘ದೆವ್ವದ ಪಿಕ್ಚರ್ ಅಂಕಲ್. ಮೂವತ್ತು ಮುಖ, ಒಂದೇ ರಾತ್ರಿ,
ತಲೆಗೆ ಇನ್ನೂರು.’
ನಾನು ಗದೆಗಳ ಧೂಳು ಹೊಡೆಯುತ್ತಿದ್ದೆ.
ಮೂವತ್ತೆಂಟು ವರ್ಷ ಕಿರೀಟದವರಿಗೆ ಬಳಿದ ಕೈ ಇದು.
ಶಿರಾ, ಮಧುಗಿರಿ, ಪಾವಗಡದ ತನಕ ಕೇಳಿ,
ಬಣ್ಣದ ಗಂಗಹನುಮಯ್ಯ ಅಂದರೆ ಗೊತ್ತು.
ಸತ್ತವರಿಗೆ ಮಾತ್ರ ಬಳಿದದ್ದಿಲ್ಲ.
ಸಫೇದ ಸಾಕು ಅಂದುಕೊಂಡೆ, ಕಣ್ಣ ಸುತ್ತ ಒಂದಿಷ್ಟು ಮಸಿ.

ಅಮಾನಿಕೆರೆ ಏರಿಯ ಮೇಲೆ ಜನರೇಟರ್ ಗುಡುಗುಡು.
ಕಥೆ ಇಷ್ಟೇ: ಊರು ಬೆಳೆಯಿತು, ರಸ್ತೆ ಅಗೆದರು,
ಎದ್ದವರಿಗೆ ತಿರುಗಿ ಮಲಗಲು ಜಾಗ ಸಿಗಲಿಲ್ಲ.
ಲಿಫ್ಟಿನಲ್ಲಿ, ಎಟಿಎಮ್ಮಿನಲ್ಲಿ ಅಲೆಯುತ್ತಾರೆ,
ಪಕ್ಕ ನಿಂತವರ ಉಸಿರು ಕುಡಿಯುತ್ತಾರೆ.
ಡೈರೆಕ್ಟರ್ ಹುಡುಗ ಕೈ ಆಡಿಸಿ ವಿವರಿಸುತ್ತಿದ್ದ.
ದೆವ್ವಗಳು ಸಾಲಾಗಿ ಕೂತು ಚಿತ್ರಾನ್ನ ತಿನ್ನುತ್ತಿದ್ದವು:
ಪಾಲಿಟೆಕ್ನಿಕ್ ಹುಡುಗರು, ಗಾರ್ಮೆಂಟ್ಸಿನ ಹೆಂಗಸರು,
ಗುಬ್ಬಿ ಗೇಟಿನ ಒಬ್ಬ ಆಟೊದವನು, ಹಸಿಮೆಣಸಿನಕಾಯಿ ಆರಿಸಿ ಎಸೆಯುತ್ತಾ.

ಮೂವತ್ತೂ ಮುಗಿಯಿತು. ಬ್ರಷ್ ಸೀಮೆಎಣ್ಣೆಗೆ ಅದ್ದಿ ತಿರುಗಿದರೆ
ಸ್ಟೂಲಿನ ಮೇಲೆ ಇನ್ನೊಬ್ಬ.
ಕೆನ್ನೆ ಮುಟ್ಟಿದೆ. ಮಡಕೆಯ ತಳದ ತಂಪು.
‘ನಿನಗೇನೂ ಬೇಡ ಕಣಪ್ಪ, ಹೀಗೇ ಹೋಗು, ಸರಿಯಾಗಿದ್ದೀಯ.’
ತುಟಿ ಅಷ್ಟಾಗಿ ಆಡಿಸದೆ ಅವನು ಅಂದ:
‘ಅದಲ್ಲ ಯಜಮಾನ್ರೇ, ನನಗೆ
ಮನುಷ್ಯರ ಬಣ್ಣ ಹಚ್ಚಿ.’

ಓಡಬೇಕಿತ್ತು.
ಮುಖ ಎದುರಿಗೆ ಬಂದರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ.
ಅರದಾಳ ತೇದೆ, ಚಿಟಿಕೆ ಇಂಗಳೀಕ, ಎರಡು ತೊಟ್ಟು ಕೊಬ್ಬರಿಯೆಣ್ಣೆ.
ಬಿಸಿಲಲ್ಲಿ ನಡೆದು ಬಂದ ಕೆಂಪು ಕೊಟ್ಟೆ,
ಮೂಗಿನ ಪಕ್ಕ ಸಾಲದಲ್ಲಿ ನಿದ್ದೆಗೆಟ್ಟ ಗೆರೆ,
ಕಡೆಗೆ ಎಡ ಹುಬ್ಬಿನ ತುದಿಗೆ ಸಾಸಿವೆಯಷ್ಟು ಕಪ್ಪು ಚುಕ್ಕೆ.
ನನ್ನ ಗುರುತು ಅದು; ದೃಷ್ಟಿ ತಾಗದಿರಲಿ ಅಂತ ಗುರುಗಳು ಕಲಿಸಿದ್ದು.
ಕನ್ನಡಿ ಹಿಡಿದೆ. ಕನ್ನಡಿಯಲ್ಲಿ ಬಣ್ಣ ಮಾತ್ರ ಇತ್ತು,
ಬಣ್ಣದ ಹಿಂದೆ ಕೆರೆ.
ಸಂಭಾವನೆಗೆ ಬೀಗದಕೈ ಒಂದನ್ನು ಅಂಗೈಗಿಟ್ಟ.
‘ಮನೆಯವರು ಬೀಗ ಬದಲಾಯಿಸಿದ್ದಾರೆ. ನಿಮ್ಮ ಹತ್ರ ಇರಲಿ.’

ಆಮೇಲೆ ಅಂಗಡಿಗೇ ಬಂದರು,
ಎರಡನೇ ಆಟ ಬಿಟ್ಟ ಮೇಲೆ, ಶಟರ್ ಅರ್ಧಕ್ಕೆ ಇಳಿದಿರುವಾಗ.
ರಂಗಶಾಮಿಗೆ ಕಾಣುವುದಿಲ್ಲ:
‘ಯಾರಿಗಣ್ಣಾ ತೇಯ್ತಾ ಕೂತಿದ್ದೀ?’
ಒಬ್ಬಳು ಹಣೆ ತೋರಿಸಿ, ‘ಕುಂಕುಮ ಬೇಡ, ಅವರು ಬೇರೆ ಮಾಡ್ಕೊಂಡವ್ರೆ’ ಅಂದಳು.
ಒಬ್ಬ ಮುದುಕ ಹಲ್ಲಿಗೂ ಬಣ್ಣ ಕೇಳಿದ.
ಡ್ರಾಯರಿನಲ್ಲಿ ಈಗ ಬೀಗದಕೈಗಳು ಹಿಡಿಸುವುದಿಲ್ಲ.

ಪಿಕ್ಚರ್ ಬಂತು, ಹೋಯಿತು. ನನ್ನ ಮೂವತ್ತು ಬಿಳಿ ಮುಖ ನೋಡಿ
ಜನ ನಕ್ಕರಂತೆ.
ನಗದೆ ಕೂತವರು ಹಿಂದಿನ ಸಾಲಿನಲ್ಲಿದ್ದರು, ನಾನು ತಿರುಗಿ ನೋಡಿದೆ:
ಎಡ ಹುಬ್ಬು, ಚುಕ್ಕೆ. ಎಡ ಹುಬ್ಬು, ಚುಕ್ಕೆ.
ಬಟವಾಡಿ ಸಿಗ್ನಲ್ಲಿನಲ್ಲಿ, ಬ್ಯಾಂಕಿನಲ್ಲಿ ಟೋಕನ್ ಹಿಡಿದು,
ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಹರಾಜು ಕೂಗುತ್ತಾ,
ನನ್ನ ಕೈಕೆಲಸ ಊರೆಲ್ಲಾ ಓಡಾಡುತ್ತಿದೆ.
ನಾಟಕದವರ ಬಣ್ಣ ಬೆಳಗಿನ ಜಾವಕ್ಕೆ ಬೆವರಲ್ಲಿ ಇಳಿಯುತ್ತದೆ,
ಕಿರೀಟದ ಕೆಳಗಿನಿಂದ ಯಾರೋ ಕ್ಷೌರದವನು, ಯಾರೋ ಮೇಷ್ಟ್ರು ಎದ್ದು ಬರುತ್ತಾನೆ.
ಇವರದು ಇಳಿಯುವುದೇ ಇಲ್ಲ.
ಏಪ್ರಿಲ್ ಬಿಸಿಲಿಗೆ ನಮ್ಮೂರಲ್ಲಿ ಬೆವರದವರನ್ನು ಎಣಿಸಿ ನೋಡಿ,
ಅಥವಾ ಬೇಡ.

ಒಂದು ಹೇಳಲೋ ಬೇಡವೋ ಅಂತಿದ್ದೆ.
ಅವರ ಪಕ್ಕ ನಿಂತವರು ಆಕಳಿಸುತ್ತಾರೆ.
ಮೊದಲು ಒಂದು, ಅಂಗೈ ಅಡ್ಡ ಹಿಡಿದು;
ಆಮೇಲೆ ನಿಲ್ಲದ ಹಾಗೆ, ದವಡೆ ಕಳಚುವ ಹಾಗೆ.
ಹೋದ ಶನಿವಾರ ಹಾಗೆ ಆಕಳಿಸುತ್ತಾ ನೋಟು ಎಣಿಸಿದ ಕ್ಯಾಷಿಯರು
ನಿನ್ನೆ ರಾತ್ರಿ ಸ್ಟೂಲಿನ ಮೇಲೆ ಕೂತಿದ್ದ.
ಮುಟ್ಟಿದೆ. ತಣ್ಣಗಿದ್ದ.
‘ನಾಳೆ ಡ್ಯೂಟಿ ಇದೆ,’ ಅಂದ, ‘ಬೇಗ ಹಚ್ಚಿ.’
ಹಚ್ಚಿದೆ.

ಮಂಡಿಪೇಟೆಯಲ್ಲಿ ಅರದಾಳದ ರೇಟು ಏರಿದೆಯಂತೆ.
‘ಕಾಲು ಕೆಜಿ ಬರ್ಕೋ,’ ಅಂದೆ ರಂಗಶಾಮಿಗೆ.
ಚೀಟಿ ಎಳೆದುಕೊಂಡ, ಪೆನ್ನು ಕೊಡವಿದ,
ಬಾಯಿಗೆ ಕೈ ಅಡ್ಡ ಹಿಡಿದ.
‘ಅರ್ಧ,’ ಅಂದೆ.