ದುಃಖ, ನಲವತ್ತಕ್ಕಿಂತ ಕಡಿಮೆ

ಹಾಸನದ ಸಾಲಗಾಮೆ ರಸ್ತೆ, ಝೆರಾಕ್ಸ್ ಅಂಗಡಿಯ ಮಹಡಿ.
ಇಲ್ಲಿ ಕೂತು ನಾನು ಗಂಡಂದಿರನ್ನು ಕೊಲ್ಲುತ್ತೇನೆ,
ಒಂದು ಕವಲಿಗೆ ನೂರೆಂಬತ್ತು ರೂಪಾಯಿ.

ವಯಸ್ಕರಿಗೆ ಮಾತ್ರ. ಓದುವವನೇ ನಾಯಕ,
ಮುಂದೇನೆಂದು ಅವನೇ ಒತ್ತಬೇಕು.
ನಾಯಕಿ ಇಂಚರ, ಪಕ್ಕದ ಮನೆಯವಳು.
ಗಂಡ ಅಡ್ಡ ಬರುತ್ತಿದ್ದ.
ಮೆಲ್ವಿನ್ ಫೋನಿನಲ್ಲಿ ಹೇಳಿದ: 'ಡೈವೋರ್ಸ್ ಬೇಡ, ಎಳೆಯುತ್ತೆ.
ಸಾಯಿಸಿಬಿಡಿ. ಅಳೋ ಹೆಂಗಸನ್ನ ತಬ್ಬಿದರೆ ಯಾರೂ ತಪ್ಪು ತಿಳಿಯಲ್ಲ.'

ಸಾಯಿಸಿದೆ. ಶಿರಾಡಿ ಘಾಟಿ, ಗ್ಯಾಸ್ ಟ್ಯಾಂಕರು, ಎರಡೇ ಸಾಲು.
ಆಮೇಲೆ ಒಂದು ಅಂಕಿ ಇಟ್ಟೆ: ದುಃಖ, ನೂರು.
ಟೀ ಮಾಡಿಕೊಟ್ಟರೆ ಹತ್ತು ಇಳಿಯುತ್ತದೆ,
ಕೈ ಹಿಡಿದರೆ ಹದಿನೈದು,
ಮಗುವನ್ನು ತಟ್ಟಿ ಮಲಗಿಸಿದರೆ ಇಪ್ಪತ್ತು.
ನಲವತ್ತರ ಕೆಳಗೆ ಬಂತೋ,
ಮಲಗುವ ಕೋಣೆಯ ಬಾಗಿಲು ತೆರೆಯುತ್ತದೆ.

ಇಷ್ಟಾದರೂ ಇಂಚರ ಕಾಗದದಂತೆಯೇ ಇದ್ದಳು.
ಜೀವ ಬರಲೆಂದು ಒಂದು ಟಿಫಿನ್ ಡಬ್ಬಿ ಸೇರಿಸಿದೆ:
ಪೊಲೀಸರು ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟದ್ದು,
ನೆಗ್ಗಿದ ಮುಚ್ಚಳ ಕಚ್ಚಿಕೊಂಡು ಬಿಡದ್ದು,
ಅವನು ಉಂಡಿದ್ದನೋ ಇಲ್ಲವೋ
ಇವತ್ತಿಗೂ ಗೊತ್ತಿಲ್ಲದ್ದು.
ಓದುಗರು ಕೆಂಪು ಹೃದಯಗಳ ರಾಶಿ ಸುರಿದರು.

ಡಬ್ಬಿ ಕೆಳಗಿನ ಟೈಲರ್ ತಾಹಿರಾಳದು.
ಬೀರುವಿನ ಮೇಲೆ, ನೂಲಿನುಂಡೆಗಳ ಹಿಂದಿದೆ.
ಒಮ್ಮೆ ಕರೆಂಟು ಹೋದಾಗ ಹೇಳಿದ್ದಳು, ನಾನು ಕೇಳದೆಯೇ.

ಮೊನ್ನೆ ರವಿಕೆಗೆ ಅಳತೆ ಕೊಡಲು ಹೋದೆ.
ಟೇಪು ಎದೆ ಸುತ್ತಿ ಬಂತು. 'ಮೂವತ್ನಾಲ್ಕು' ಅಂದಳು, ಬರೆದುಕೊಂಡಳು.
ತೋಳೆತ್ತಿ ನಿಂತವಳ ಬಾಯಿ ಜಾರಿತು:
ಆಗ ಯಾರಾದರೂ ಬಂದಿದ್ದರಾ, ಸಮಾಧಾನ ಹೇಳಲು?

'ಬಂದಿದ್ದ ಒಬ್ಬ. ಇವರ ದೋಸ್ತು.
ನಲವತ್ತನೇ ದಿನ ಕಳೆದಿತ್ತಷ್ಟೆ.
ಸಕ್ಕರೆ, ಬೇಳೆ, ಎಲ್ಲಾ ತಂದಿದ್ದ.
ಹೆಗಲ ಮೇಲೆ ಕೈ ಇಟ್ಟ. ಇಟ್ಟೇ ಇದ್ದ.
ನನ್ನ ಕೈಲಿ ಕತ್ತರಿ ಇತ್ತು.
ಕತ್ತರಿಸ್ತಾನೇ ಇದ್ದೆ, ಸೀಮೆಸುಣ್ಣದ ಗೆರೆ ದಾಟಿ.
ಯಾರದೋ ಮದುವೆ ಬಟ್ಟೆ. ದುಡ್ಡು ನಾನೇ ಕಟ್ಟಿಕೊಟ್ಟೆ.'
ಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ ನಕ್ಕಳು:
'ಮೈಗೆ ಬೇಕಿರಲಿಲ್ಲ ಅಂತ ತಿಳೀಬೇಡಿ.
ಬೇಕಿತ್ತು. ಅವನು ಕೇಳಲಿಲ್ಲ.'

ಮೇಲೆ ಬಂದು ನಾಲ್ಕನೆಯ ಆಯ್ಕೆ ಬರೆದೆ:
ಬೇಳೆ ಇಟ್ಟು ಮನೆಗೆ ಹೋಗು.
ಆರು ಸಾವಿರ ಮಂದಿಯಲ್ಲಿ ಒತ್ತಿದವರು ಹನ್ನೊಂದು.
ವಾರದಲ್ಲಿ ಮೆಲ್ವಿನ್ ಅದನ್ನು ಕಿತ್ತುಹಾಕಿಸಿದ,
ನೂರೆಂಬತ್ತು ಮಾತ್ರ ಕೊಟ್ಟ.

ಡಬ್ಬಿಯನ್ನೂ ತೆಗೆದೆ ಎಂದು ಬರೆಯಬೇಕೆನಿಸುತ್ತದೆ.
ತೆಗೆದಿಲ್ಲ. ಅದು ಚೆನ್ನಾಗಿ ಬಂದಿದೆ.

ಶನಿವಾರ ರವಿಕೆ ತರಬೇಕು.
ಮೆಟ್ಟಿಲಿಳಿದರೆ ಎದುರಿಗೇ ಬೀರು.