ಎಡಗಡೆ ಹಿಂದಿನ ಬಾಗಿಲು

‘ಒಂದು ಗೀರೂ ಇಲ್ಲಮ್ಮ’ ಅಂದರು
ಶಿಡ್ಲಘಟ್ಟದ ರೀಲರ್ ಚಿಕ್ಕರೆಡ್ಡಪ್ಪ,
ಹನ್ನೊಂದು ವರ್ಷದ ಬೂದು ಕಾರನ್ನು
ಸಂತೆಗೆ ತಂದ ಹೋರಿಯ ಹಾಗೆ ಸವರುತ್ತ.
ನಾನು ಬ್ಲೌಸ್ ಹೊಲಿಯುವವಳು.
ಬ್ಯಾಗಿನಲ್ಲಿತ್ತು, ನೆಲಕ್ಕೆ ಚೆಲ್ಲಿದ
ಗುಂಡುಸೂಜಿ ಆಯುವ ಅಯಸ್ಕಾಂತ.
ಮುಂದಿನ ಬಾಗಿಲಿಗೆ ಹಿಡಿದೆ, ಟಪ್ಪನೆ ಕಚ್ಚಿತು.
ಬಾನೆಟ್ಟಿಗೆ, ಕಚ್ಚಿತು.
ಬಲಗಡೆ ಚಕ್ರದ ಮೇಲೆ
ಹಲ್ಲಿಲ್ಲದ ಬಾಯಿಯಂತೆ ಜಾರಿ ಬಿತ್ತು.
ಅವರು ಮೋಡ ನೋಡಿದರು.
ನಾನು ನಾಲ್ಕು ಸಾವಿರ ಇಳಿಸಿದೆ.

ಎಡಗಡೆ ಹಿಂದಿನ ಬಾಗಿಲ ತಗ್ಗು ಮಾತ್ರ
ಎಲ್ಲರಿಗೂ ಕಾಣುವಂಥದು,
ಇಡ್ಲಿ ತಟ್ಟೆಯ ಒಂದು ಗುಳಿಯಷ್ಟು.
ಅದಕ್ಕೆ ಅವರು ಕೊಟ್ಟ ಕಾರಣ ಮೂರು:
ಹಸು, ಗೂಡು ಮಾರ್ಕೆಟ್ಟಿನ ಗೇಟು, ತಮ್ಮನ ಮಗ.
ಮೂರೂ ನಿಜವಿರಬಹುದು. ಗುಳಿ ಒಂದೇ.

ಚಿಂತಾಮಣಿಗೆ ತಂದ ದಿನ
ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲೇ
ಎದುರುಮನೆ ಮುನಿಲಕ್ಷ್ಮಮ್ಮ ಅದರೊಳಗೆ ಹೆಬ್ಬೆರಳಿಟ್ಟು
‘ಎಷ್ಟಾಯ್ತೇ ಇದಕ್ಕೆ?’ ಅಂದಳು,
ಕಾರಿಗೋ ಗುಳಿಗೋ ತಿಳಿಯಲಿಲ್ಲ.
ಒಳಗೆ ಕೂತರೆ ಬೇಯಿಸಿದ ಗೂಡಿನ ವಾಸನೆ.
ಅದಕ್ಕೆ ಟಿಂಕರಿಂಗ್ ಇಲ್ಲ.
ನನಗೆ ಹೊಸದೂ ಅಲ್ಲ, ಇಸ್ತ್ರಿ ತಾಗಿದಾಗ
ಮದುವೆ ಬ್ಲೌಸು ಸಣ್ಣಗೆ ಬಿಡುವ ವಾಸನೆಯ
ಅಜ್ಜಿ ಇದು.

ಬೆಂಗಳೂರು ರಸ್ತೆಯ ಹೊಂಗೆಮರದಡಿ
ದಸ್ತಗೀರ್ ಸಾಬರು ಬಾಗಿಲ ಒಳಮೈ ಬಿಚ್ಚಿ
ತಗಡಿನ ಬೆನ್ನಿಗೆ ಮರದ ಸುತ್ತಿಗೆಯಿಂದ ತಟ್ಟಿದರು,
ಮಗುವಿಗೆ ತೇಗು ಬರಿಸುವಷ್ಟೇ ಜೋರಾಗಿ.
ಗುಳಿ ‘ಟೊಕ್’ ಅಂತ ಮನಸ್ಸು ಬದಲಿಸಿತು.
ಪೂರ್ತಿ ಅಲ್ಲ. ಅಂಚಿಗೊಂದು ಮಡಿಕೆ ಉಳಿಯಿತು.
‘ತಗಡು ಒಂದ್ಸಲ ಹಿಗ್ಗಿದ್ರೆ
ಹಳೇ ಅಳತೆಗೆ ಬರಲ್ಲಮ್ಮ.’
ಗೊತ್ತು ಅಂದೆ. ಕ್ರಾಸ್ ಪೀಸಿನ ಕತ್ತೂ ಹಾಗೇ.

ಪುಟ್ಟಿ ಮೆತ್ತಿ, ಉಪ್ಪುಕಾಗದ ತಿಕ್ಕಿ,
ಕಂಪನಿ ನಂಬರಿನ ಬಣ್ಣವನ್ನೇ ಕಲಸಿ ತಂದ ಹುಡುಗ.
ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಅಪ್ಪಟ ಜೋಡಿ.
‘ಬಿಸಿಲಿಗೆ ತನ್ನಿ’ ಅಂದೆ.
ಬಿಸಿಲಲ್ಲಿ ಹೊಸದು ಬರೀ ಬೂದು,
ಹಳೆಯದು ಹನ್ನೊಂದು ಬೇಸಿಗೆ ಕುಡಿದ ಬೂದು.
ಇಪ್ಪತ್ತು ವರ್ಷ ದಾರ ಜೋಡಿಸಿದ್ದೇನೆ,
ಹಳೆ ಸೀರೆಗೆ ಹೊಸ ರೀಲು ಎಂದೂ ಒಪ್ಪಿಲ್ಲ;
ಹೊಸ್ತಿಲಿಗೆ ಬಂದು, ಬೆಳಕಿಗೆ ಹಿಡಿದು,
ಒಂದು ಎಳೆ ಮಾಸಲು ಆರಿಸಬೇಕು.
ಸಾಬರು ಹುಡುಗನ ಕಡೆ ನೋಡಿದರು, ನನ್ನ ಕಡೆ ನೋಡಿದರು,
ಡಬ್ಬಿಗೆ ಒಂದು ಹನಿ ಹಳದಿ, ಅರ್ಧ ಹನಿ ಕಪ್ಪು,
ಟೀ ತರಿಸಿದರು, ಮತ್ತೊಂದು ಹನಿ.
‘ಇನ್ನು ಕಣ್ಣಿಗೆ ಸಿಗಲ್ಲ. ಕೈಗೆ ಸಿಗುತ್ತೆ,
ಅದಕ್ಕೆ ನಾನು ಜವಾಬ್ದಾರ ಅಲ್ಲ.’
ಎರಡು ಸಾವಿರದ ಇನ್ನೂರು. ಟೀ ಅವರದೇ.

ಶ್ರಾವಣದಲ್ಲಿ ಕೈವಾರದ ಕಡೆ ಛತ್ರದಲ್ಲೊಂದು ಮದುವೆ,
ಹುಡುಗಿಯ ಏಳು ಬ್ಲೌಸೂ ನನ್ನವೇ.
ಉಂಡು ಹೊರಬಂದರೆ ಕರೆಂಟು ಹೋಗಿತ್ತು.
ಬಯಲಿನ ತುಂಬ ಬೂದು, ಬೂದು, ಬೂದು.
ಇಷ್ಟು ದಿನ ಗುಳಿ ನೋಡಿ ಹುಡುಕುತ್ತಿದ್ದೆನೆಂದು
ಆಗ ಗೊತ್ತಾಯಿತು.
ಯಾರದೋ ಬಾಗಿಲಿಗೆ ಕೀ ತುರುಕಿದೆ,
ಒಳಗಿಂದ ಡ್ರೈವರೊಬ್ಬ ನಿದ್ದೆಯಿಂದೆದ್ದು ‘ಯಾರು?’ ಅಂದ.
ತಾಂಬೂಲದ ಚೀಲ ಹೊತ್ತ ನಾದಿನಿ ಕದಿರಮ್ಮ
‘ನಂಬರ್ ನೋಡೇ’ ಅನ್ನುತ್ತಾಳೆ.
ನಂಬರ್ ನನಗೆ ಬಾಯಿಗೆ ಬರದು.

ಕತ್ತಲಲ್ಲೂ ಕಣ್ಣು ಮುಚ್ಚಿಕೊಂಡು
ಒಂದೊಂದರ ಎಡಗಡೆ ಹಿಂದಿನ ಬಾಗಿಲಿಗೂ ಅಂಗೈ ಇಟ್ಟೆ.
ನುಣುಪು. ನುಣುಪು. ಧೂಳು. ನುಣುಪು.
ಐದನೆಯದರಲ್ಲಿ, ಬೆರಳತುದಿಗೆ,
ಒಳಗೆ ಮಡಚಿ ಹೊಲಿದ ಬಟ್ಟೆಯಷ್ಟು ದಪ್ಪ.
‘ಬಾ’ ಅಂದೆ, ‘ಇದೇ ನಮ್ದು.’
ಬಾಗಿಲು ತೆಗೆದರೆ ಗೂಡಿನ ವಾಸನೆ.
ಕದಿರಮ್ಮ ಮೂಗು ಹಿಡಿದುಕೊಂಡು ಕೂತಳು:
‘ಮೊದಲೇ ಮೂಸಿದ್ರೆ ಆಗ್ತಿರಲಿಲ್ವಾ?’